ಮುನೀರನ ಕುರ್ಚಿಯಲ್ಲಿ ಅರ್ಧ ದಿನ

ಹೊಟ್ಟೆಕಿಚ್ಚಿಗೂ ಒಂದು ಅಂತಸ್ತು ಇರಬೇಕು. ನಮ್ಮ ಸಕಲೇಶಪುರದ ಕಡೆ ಜನ ಪಕ್ಕದವರ ಕಾಫಿ ಫಸಲು ನೋಡಿ ಉರಿಯುತ್ತಾರೆ, ಮೆಣಸಿನ ಬಳ್ಳಿ ನೋಡಿ ಉರಿಯುತ್ತಾರೆ, ಎದುರು ಮನೆಗೆ ಹೊಸ ಜೀಪು ಬಂದರಂತೂ ಒಂದು ವಾರ ಊಟ ಸೇರುವುದಿಲ್ಲ. ಇವೆಲ್ಲ ಮರ್ಯಾದಸ್ಥ ಹೊಟ್ಟೆಕಿಚ್ಚುಗಳು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿ, ಕಂಡದ್ದನ್ನೆಲ್ಲ ಅನುಮಾನಿಸುವುದನ್ನು ಶಾಸ್ತ್ರೋಕ್ತವಾಗಿ ಕಲಿತು ಬಂದ ನಾನು ಮಾತ್ರ, ಎರಡು ಬೀದಿ ಆಚೆಯ ಕ್ಲಿನಿಕ್ಕಿನಲ್ಲಿ ಬಿಪಿ ನೋಡುವ ಮುನೀರನನ್ನು ಕಂಡು ಉರಿಯುತ್ತಿದ್ದೆ.

ಮುನೀರ್ ಡಾಕ್ಟರಲ್ಲ, ಡಾಕ್ಟರಮ್ಮನ ಸಹಾಯಕ. ತೂಕ ನೋಡುತ್ತಾನೆ, ಬಿಪಿ ಬರೆದುಕೊಳ್ಳುತ್ತಾನೆ, ಪರೀಕ್ಷೆಗೆ ರಕ್ತ ತೆಗೆಯುತ್ತಾನೆ, ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ಇಷ್ಟಕ್ಕೇ ಊರು ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದೆ. "ಮುನೀರಣ್ಣ ಕೈ ಮುಟ್ಟಿದ್ರೆ ಅರ್ಧ ವಾಸಿ ಕಣ್ರೀ" ಎಂದು ನನ್ನ ಹೆಂಡತಿ ಶಾರದೆಯೇ ಹೇಳುತ್ತಾಳೆ. ಮದುವೆಯಾಗಿ ಹದಿನೆಂಟು ವರ್ಷ, ನನ್ನ ಕೈ ಬಗ್ಗೆ ಇಂಥ ಮಾತು ಬಂದದ್ದು ನೆನಪಿಲ್ಲ. ಬಂದಿದ್ದು ನಾನೇ ಮರೆತಿರಲೂಬಹುದು. ಅದೇ ನನ್ನ ಕಷ್ಟ. ಬೀಗ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಹಿಂದಿರುಗಿ ನೋಡುವ ನಾನು, ನಾಲ್ಕನೆಯ ಸಲ, ಮೂರು ಸಲ ನೋಡಿದೆನೋ ಇಲ್ಲವೋ ಎಂದು ನೋಡಲು ಹೋಗುತ್ತೇನೆ. ಅಂಥವನ ಕೈಹಿಡಿದು ಮುನೀರ್, "ಸಾರ್, ಹೋದ ಸಲ ಎಡಗೈ ಕೊಟ್ಟಿದ್ರಿ, ವಾಚು ಬಿಚ್ಚಕ್ಕೆ ಮರ್ತಿದ್ರಿ" ಎನ್ನುತ್ತಾನೆ. ಸ್ವಂತ ನೆನಪನ್ನು ನಂಬಲಾಗದವನಿಗೆ ಇನ್ನೊಬ್ಬರ ನೆನಪಿನಂಥ ಅವಮಾನ ಬೇರೆ ಇಲ್ಲ.

ಇನ್ನೊಂದು ದೂರೂ ಇತ್ತು. ಆ ಕ್ಲಿನಿಕ್ಕಿನಲ್ಲಿ ಹಳೆಯ ಚೀಟಿಗಳಿರುವ ಪ್ಲಾಸ್ಟಿಕ್ ಕವರನ್ನು ಸರದಿಯ ಗುರುತಿಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಸಂತೆಗೋ ಅಂಗಡಿಗೋ ಹೋಗಿಬರುವುದು ರೂಢಿ. ಮುನೀರ್ ಆ ಕವರುಗಳನ್ನು ಇಸ್ಪೀಟು ಎಲೆಗಳಂತೆ ಹಿಂದುಮುಂದು ಮಾಡುತ್ತಿದ್ದ. ಎಲ್ಲರಿಗಿಂತ ಮೊದಲು ಹೋದ ನನ್ನನ್ನು ಕೊನೆಗೆ ಕೂಗುತ್ತಿದ್ದ. ಗುಡ್ಡದ ಮೇಲಿನ ವನಗೂರಿನವರು ಅವನಿಗೆ ಕಿತ್ತಳೆ ಹಣ್ಣು ತಂದುಕೊಡುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಇದು ಲಂಚ ಎಂದು ತರ್ಕಬದ್ಧವಾಗಿ ತೀರ್ಮಾನಿಸಿದ್ದೆ.

ಅತಿಥಿ ಉಪನ್ಯಾಸಕನಾಗಿದ್ದ ಕಾಲೇಜಿನಲ್ಲಿ ತತ್ವಶಾಸ್ತ್ರಕ್ಕೆ ವಿದ್ಯಾರ್ಥಿಗಳೇ ಸಿಗದೆ ನನ್ನ ಕೆಲಸ ಹೋಗಿತ್ತು. ಜೇನು ಸಾಕಿದೆ, ಜೇನು ನನ್ನನ್ನು ಸಾಕಲಿಲ್ಲ. ಎಡಕುಮೇರಿ ಕಡೆಯ ಕಾಡು ತೋರಿಸುವ ಗೈಡ್ ಆದೆ. ಅಲ್ಲಿ ದಾರಿ ತಪ್ಪಿದ್ದು ಪ್ರವಾಸಿಗರು ಎಂದು ನನ್ನ ನೆನಪು. ಶಾರದೆ ಒಪ್ಪುವುದಿಲ್ಲ. ಹೀಗಿರುವಾಗ, ಕ್ಲಿನಿಕ್ಕಿಗೆ ಇನ್ನೊಬ್ಬರು ಸಹಾಯಕರು ಬೇಕೆಂದು ಡಾಕ್ಟರಮ್ಮ ಹುಡುಕುತ್ತಿದ್ದಾರೆಂದು ಗೊತ್ತಾಯಿತು. ನಲವತ್ತಾರರ ನಾನು ಹೋಗಿ ಕೇಳಿಯೇಬಿಟ್ಟೆ.

"ನಾಳೆ ಮುನೀರ್ ಆಲೂರಿಗೆ ಹೋಗ್ತಿದಾನೆ, ತಂಗಿ ಮಗಳ ನಿಶ್ಚಿತಾರ್ಥ," ಎಂದರು ಅವರು. "ಒಂದು ದಿನ ಕೂತು ನೋಡಿ. ರಕ್ತ ನಾನೇ ತೆಗೀತೀನಿ. ಒಗ್ಗಿದರೆ ತರಬೇತಿಗೆ ಕಳಿಸೋಣ."

ಮನೆಯಲ್ಲಿ ಶಾರದೆ ಸಾರಿಗೆ ಒಗ್ಗರಣೆ ಹಾಕುತ್ತ ಕೇಳಿದ್ದು ಒಂದೇ ಮಾತು: "ಇದಾದ್ರೂ ನಿಲ್ಲುತ್ತಾ?"

ನಿಲ್ಲಲೇಬೇಕಿತ್ತು. ಮುನೀರನಿಲ್ಲದೆಯೂ ಕ್ಲಿನಿಕ್ಕು ನಡೆಯುತ್ತದೆ, ಇನ್ನೂ ಚೆನ್ನಾಗಿ ನಡೆಯುತ್ತದೆ ಎಂದು ತೋರಿಸಬೇಕಿತ್ತು. ಬೆಳಿಗ್ಗೆ ಎಂಟಕ್ಕೆ ಹೋದವನೇ ಕಾಗದ ಕತ್ತರಿಸಿ ಒಂದರಿಂದ ಮೂವತ್ತರವರೆಗೆ ಅಂಕಿ ಬರೆದೆ. ಮೊದಲು ಬಂದವರಿಗೆ ಮೊದಲ ಚೀಟಿ. ನ್ಯಾಯ ಎಂದರೆ ಇದು. ನನ್ನ ನೆನಪಿನ ಹಂಗೂ ಇಲ್ಲ. ಅಕ್ಕಪಕ್ಕದ ಬೀದಿಯವರು ಮೊದಲೇ ಬಂದು ಹನ್ನೆರಡು ಚೀಟಿ ಹಿಡಿದು ಕೂತರು. ಜವಳಿ ಅಂಗಡಿಯವರಂತೂ "ಈಗ ನೋಡಿ, ಶಿಸ್ತು ಅಂದ್ರೆ ಇದು" ಎಂದು ಹೊಗಳಿದರು. ನಾನು ಎರಡಿಂಚು ಉಬ್ಬಿದೆ.

ಹತ್ತಕ್ಕೆ ವನಗೂರಿನ ಜೀಪು ಬಂತು. ಅದರಿಂದ ಇಳಿದ ರುದ್ರಮ್ಮ ಎಂಬ ಮುದುಕಿ ಚೀಟಿ ತಿರುಗಿಸಿ ನೋಡಿ, "ನಂಬ್ರ ಯಾಕಪ್ಪ, ರೇಷನ್ ಕೊಡ್ತೀಯಾ?" ಎಂದರು. ಅವರದು ಹತ್ತೊಂಬತ್ತು.

"ಎಲ್ಲರಿಗೂ ಒಂದೇ ನಿಯಮ ಅಜ್ಜಿ."

"ಮುನೀರಪ್ಪ ಇಂಗೆ ಮಾಡಾಕಿಲ್ಲ."

"ಗೊತ್ತು," ಎಂದೆ, ಅರ್ಥಗರ್ಭಿತವಾಗಿ.

ಹನ್ನೊಂದೂವರೆಯ ಹೊತ್ತಿಗೆ ಒಂಬತ್ತನೆಯ ಚೀಟಿ ನಡೆಯುತ್ತಿತ್ತು. ರುದ್ರಮ್ಮನ ಜೊತೆ ಬಂದಿದ್ದ ಗೌಡರು ಎದ್ದು ಬಂದರು. "ಮಾರಾಯ, ಹನ್ನೆರಡೂವರೆಗೆ ಜೀಪು ಹೊಂಟೋಯ್ತದೆ. ಆಮೇಲೆ ಸಾಯಂಕಾಲನೇ. ನಿನ್ ನಂಬ್ರದ್ ಮೇಲೆ ಕೂತ್ಕಂಡು ಗುಡ್ಡ ಹತ್ತಲಾ?" ಎಲ್ಲರೂ ನಕ್ಕರು. ನಿಯಮಕ್ಕೆ ಅಪವಾದ ಮಾಡಿದರೆ ಅದು ನಿಯಮವೇ ಅಲ್ಲ ಎಂದು ನಾನು ವಿವರಿಸತೊಡಗಿದೆ. ಅಷ್ಟರಲ್ಲಿ ನನಗೆ ಊಟದ ಡಬ್ಬಿ ತಂದ ಶಾರದೆ ಒಳಗೆ ಬಂದಳು. ಅವಳು ನನ್ನನ್ನು ನೋಡಲೇ ಇಲ್ಲ. ಬೆಂಚಿನ ತುದಿಯಲ್ಲಿ ಗೋಡೆಗೊರಗಿದ್ದ ರುದ್ರಮ್ಮನನ್ನು ನೋಡಿದಳು.

"ರುದ್ರಕ್ಕ, ಯಾಕೆ ಬೆವರ್ತಿದೀರಿ? ಏನಾದ್ರೂ ತಿಂದ್ರಾ?"

"ಬರೀ ಹೊಟ್ಟೇಲಿ ಬಾ ಅಂದಿದ್ರು ಕಣವ್ವ, ರಕ್ತ ತಗಿಯಕ್ಕೆ. ನಂಬ್ರ ಬಂದಿಲ್ವಂತೆ."

ಸಕ್ಕರೆ ಕಾಯಿಲೆಯ ಮುದುಕಿ, ಹಿಂದಿನ ರಾತ್ರಿಯಿಂದ ಉಪವಾಸ. ನನ್ನ ಕೈಯಲ್ಲಿ ಹತ್ತನೆಯ ಚೀಟಿ. ಶಾರದೆ ಡಾಕ್ಟರಮ್ಮನನ್ನು ಕೂಗಿದಳು. ಅವರು ಬೆರಳು ಚುಚ್ಚಿ ನೋಡಿ, ಸಕ್ಕರೆ ತೀರಾ ಇಳಿದಿದೆ ಎಂದು ಕೂಡಲೇ ಸಕ್ಕರೆ ನೀರು ಕುಡಿಸಿದರು. ರುದ್ರಮ್ಮ ಐದು ನಿಮಿಷದಲ್ಲಿ ಎದ್ದು ಕೂತು, "ಸತ್ತೋಗಿದ್ರೆ ನನ್ ನಂಬ್ರ ಯಾರಿಗ್ ಕೊಡ್ತಿದ್ದೆ?" ಎಂದು ನನ್ನನ್ನೇ ಕೇಳಿದರು. ನಾನು ಹತ್ತನೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟೆ.

ಅಷ್ಟರಲ್ಲಿ ಶಾರದೆ ಚೀಟಿಗಳನ್ನೆಲ್ಲ ವಾಪಸು ತೆಗೆದುಕೊಂಡು ಕವರುಗಳನ್ನು ಜೋಡಿಸುತ್ತಿದ್ದಳು. "ಬರೀ ಹೊಟ್ಟೇಲಿ ಇರೋರು ಮೊದ್ಲು. ಆಮೇಲೆ ವನಗೂರಿನೋರು. ದೋಣಿಗಲ್‌ನೋರಿಗೆ ಒಂದೂಕಾಲಿಗೆ ಬಸ್ಸೈತೆ. ಊರಿನೋರು ಮನೇಗ್ ಹೋಗಿ ಊಟ ಮಾಡ್ಕಂಡ್ ಬನ್ನಿ." ಜವಳಿ ಅಂಗಡಿಯವರು ಗೊಣಗದೆ ಎದ್ದು ಹೋದರು. ನನಗೆ ಆಗ ಅರ್ಥವಾಯಿತು: ಮುನೀರ್ ಜನರನ್ನು ಅವರು ಬಂದ ಹೊತ್ತಿಗಲ್ಲ, ಹೋಗಬೇಕಾದ ಹೊತ್ತಿಗೆ ಸರಿಯಾಗಿ ಜೋಡಿಸುತ್ತಿದ್ದ. ಎರಡು ಬೀದಿ ಆಚೆಯ ನಾನು ಕೊನೆಯವನಾಗದೆ ಇನ್ನೇನು? ಕಿತ್ತಳೆ ಬರೀ ಕಿತ್ತಳೆಯಾಗಿತ್ತು.

"ನಿನಗೆ ಇದೆಲ್ಲ ಹೇಗೆ ಗೊತ್ತು?" ಎಂದೆ.

"ನಿಮ್ಮಮ್ಮನ್ನ ನಾಲ್ಕು ವರ್ಷ ಇಲ್ಲಿಗೆ ಕರ್ಕೊಂಡ್ ಬಂದಿದ್ದು ಯಾರು?"

ನಾನೂ ಕೆಲವು ಸಲ ಬಂದಿದ್ದೆ ಎಂದು ನೆನಪು. ಆ ಸಾಕ್ಷ್ಯವನ್ನು ಅಲ್ಲಿ ಮುಂದಿಡುವ ಧೈರ್ಯವಾಗಲಿಲ್ಲ.

ಎಲ್ಲರೂ ಹೋದ ಮೇಲೆ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ತಪ್ಪೊಪ್ಪಿಗೆಯ ವಾಕ್ಯಗಳನ್ನು ಸಿದ್ಧಮಾಡಿಕೊಂಡು ಹೋದೆ. ಅವರು ಕೇಳಿದ್ದು ಬೇರೆ: "ನಿಮ್ಮ ಮನೆಯವರು ಏನು ಓದಿದಾರೆ?"

"ಪಿಯುಸಿ," ಎಂದೆ.

"ಬಿ.ಎಸ್ಸಿ. ರೀ!" ಎಂದು ಹೊರಗಿನಿಂದ ಕೂಗು ಬಂತು.

ಆ ಕೆಲಸ ಶಾರದೆಗೆ ಸಿಕ್ಕಿ ಈಗ ಮೂರು ತಿಂಗಳಾಯಿತು. ಎರಡೋ ಮೂರೋ, ಅವಳನ್ನು ಕೇಳಿದರೆ ದಿನವನ್ನೇ ಹೇಳುತ್ತಾಳೆ. ಮೊದಲು ನನ್ನ ಹೊಟ್ಟೆಕಿಚ್ಚು ಎರಡು ಬೀದಿ ನಡೆದು ಹೋಗಬೇಕಿತ್ತು, ಈಗ ಮನೆಯಲ್ಲೇ ಊಟಕ್ಕೆ ಕೂರುತ್ತದೆ. ಸಂಜೆ ಅವಳು ನನ್ನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ರಕ್ತನಾಳ ಹುಡುಕುವ ಅಭ್ಯಾಸ ಮಾಡುತ್ತಾಳೆ. ಸೂಜಿಯಿಲ್ಲ, ಬೆರಳು ಮಾತ್ರ. ಮೊನ್ನೆ ಒತ್ತಿ ನೋಡಿ, "ಎಷ್ಟು ಚೆನ್ನಾಗಿ ಸಿಗುತ್ತೆ ಕಣ್ರೀ ನಿಮ್ಮ ನಾಳ! ಹೊಸಬರಿಗೆ ಕಲಿಯಕ್ಕೆ ಹೇಳಿ ಮಾಡಿಸಿದ ಕೈ" ಎಂದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ವೈದ್ಯಕೀಯ ಕ್ಷೇತ್ರದಲ್ಲಿ ನನಗೂ ಒಂದು ಸ್ಥಾನ ಸಿಕ್ಕಿತಲ್ಲ ಎಂದು ಕಣ್ಣು ಮುಚ್ಚಿ ಸುಖಪಟ್ಟೆ.

"ಆಲೂರಿನ ಆಟೋದವರೊಬ್ಬರು ಬರ್ತಾರೆ," ಎಂದಳು ಪಟ್ಟಿ ಬಿಚ್ಚುತ್ತ. "ಅವರದು ಇನ್ನೂ ಚೆನ್ನಾಗಿದೆ."

ನಾನು ಕಣ್ಣು ಬಿಟ್ಟೆ. "ಯಾರವನು?" ಎಂದು ಕೇಳಿದೆ.