ಒಗ್ಗರಣೆ ಬಿದ್ದ ಎರೆ

ನನ್ನ ಗಾಳಕ್ಕೆ ಈ ಜನ್ಮದಲ್ಲಿ ಮೀನು ಬೀಳುವುದಿಲ್ಲ ಎಂದವನು ಅಮ್ಮಿನಬಾವಿಯ ನನ್ನ ಸೋದರಮಾವ ಯಲ್ಲಪ್ಪ. ನಮ್ಮ ಮನೆತನದಲ್ಲಿ ಮೊದಲು ಬಿ.ಎಸ್ಸಿ. ಮಾಡಿದವನು ನಾನು. ಹಗಲು ಹಮಾಲಿ ಮಾಡಿ ಸಂಜೆ ಓದಿ ಪಡೆದ ಪದವಿ ಅದು. ಮೊದಲನೆಯವನಾಗುವುದರ ಕಷ್ಟ ಏನೆಂದರೆ, ನೀವು ಏನು ಮಾಡಿ ಕೆಟ್ಟರೂ ಅಪವಾದ ಪದವಿಯ ಮೇಲೆ ಬರುತ್ತದೆ. ನಲ್ಲಿ ಸೋರಿದರೂ ನೆಂಟರು ಗೋಡೆಯ ಮೇಲಿನ ಪದವಿಪತ್ರದ ಕಡೆಗೇ ನೋಡುತ್ತಾರೆ.

ರಾಯಾಪುರದ ಆಚೆಯ ಕೆರೆಯಲ್ಲಿ ಗಾಳದವರ ಬಳಗವೊಂದು ಒಂದು ಭಾನುವಾರ ಸ್ಪರ್ಧೆ ಇಟ್ಟಾಗ ಮಾವನಂತೆ ನಾನೂ ಹೆಸರು ಕೊಟ್ಟೆ. ಮಾವ ಚಹಾದಂಗಡಿಯಲ್ಲಿ ನಾಲ್ಕು ಮಂದಿಯ ಎದುರಿಗೇ ಕರಾರು ಹಾಕಿದ.

"ಅಳಿಯಾ, ಒಂದ ಮೀನ ಹಿಡದ ತೋರ್ಸು. ಇಲ್ಲಂದ್ರ ಆ ಕಟ್ಟು ಹಾಕ್ಸಿದ ಕಾಗದ ಗ್ವಾಡಿಯಿಂದ ಇಳಸಬೇಕ ನೋಡು."

"ಆತು" ಎಂದುಬಿಟ್ಟೆ. ಓದಿದವರು ಹೀಗೆಯೇ ಸಿಕ್ಕಿಬೀಳುವುದು.

ಮಾವನದು ಎರೆಹುಳುವಿನ ಹಳೆಯ ಪದ್ಧತಿ. ನಾನು ಕಾಳಿನ ಎರೆ ಮಾಡುವುದೆಂದು ನಿಶ್ಚಯಿಸಿದೆ. ಬಿಳಿಜೋಳ, ಗೋವಿನಜೋಳ ಎರಡನ್ನೂ ಎರಡು ದಿನ ನೆನೆಹಾಕಿ, ಸಿಪ್ಪೆ ಬಿರಿಯುವಷ್ಟೇ ಬೇಯಿಸಿ, ಚೂರು ಬೆಲ್ಲ ಹಾಕಿ, ಒಂದು ಹಗಲು ಒಂದು ರಾತ್ರಿ ತನ್ನ ನೀರಿನಲ್ಲೇ ಹುಳಿಯಲು ಬಿಡಬೇಕು. ಆ ಹುಳಿ ವಾಸನೆಗೆ ಮೀನು ಓಡೋಡಿ ಬರುತ್ತದಂತೆ. ನೆನೆಹಾಕಿದ ಗಂಟೆ, ಇಳಿಸಿದ ಗಂಟೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಶನಿವಾರ ಬೆಳಿಗ್ಗೆ ಬೇಯಿಸಿ, ಪಾತ್ರೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿಟ್ಟು ಕೆಲಸಕ್ಕೆ ಹೋದೆ. ಆಗಿದ್ದು ಒಂದೇ ತಪ್ಪು. ಅವ್ವನಿಗೆ ಹೇಳಲಿಲ್ಲ.

ನಮ್ಮ ಕಡೆ ಬೇಯಿಸಿದ ಕಾಳಿಗೆ ಗುಗ್ಗರಿ ಎನ್ನುತ್ತಾರೆ. ಬೇಯಿಸಿದ ಕಾಳನ್ನು ಕಂಡ ಮೇಲೆ ಒಗ್ಗರಣೆ ಹಾಕದೆ ಕೂರುವ ಹೆಂಗಸು ಧಾರವಾಡ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸಂಜೆ ಬಂದಾಗ ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಮೆಟ್ಟಿಲಿಗೇ ಬೆಳ್ಳುಳ್ಳಿ, ಇಂಗಿನ ಘಮ. ಕೆಳಗಿನ ಮನೆಯ ಮಾಲೀಕರು, ಮೀನೆಂದರೆ ಮೂಗು ಮುಚ್ಚುವ ನಿವೃತ್ತ ಮಾಸ್ತರರು, ಬಾಗಿಲ ಕಟ್ಟೆಯ ಮೇಲೆ ಕೂತು ಅವ್ವ ಕೊಟ್ಟ ತಟ್ಟೆ ಬಳಿಯುತ್ತಿದ್ದರು.

"ಗುಗ್ಗರಿ ಭಾಳ ಛಲೋ ಆಗೇತ್ರಿ. ಸ್ವಲ್ಪ ಸಿಹಿ ಹತ್ತತೇತಿ, ಏನ್ ಹಾಕೀರಿ?"

ನಾನು ನಕ್ಕು ಮೇಲೆ ಹೋದೆ. ಅವರು ತಿಂದದ್ದು ಯಾರ ಊಟವೆಂದು ಇಂದಿಗೂ ಹೇಳಿಲ್ಲ. ನೀವೂ ಹೇಳಬೇಡಿ.

"ಅವ್ವಾ, ಅದು ಮೀನಿಗೆ ಮಾಡಿದ್ದು" ಎಂದೆ.

"ಮೀನಿಗಂತ ಉಪ್ಪಿಲ್ದ ಇಡೂದೇನು? ಅವಕ್ಕ ನಾಲಿಗಿ ಇಲ್ಲೇನು?" ಎಂದಳು ಅವ್ವ. "ಅರ್ಧಾ ಉಳದೈತಿ, ಒಯ್ಯಿ."

ಬೇರೆ ಕಾಳು ನೆನೆಸಲು ಸಮಯವಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಕೆರೆಗೆ ಹೋದೆ. ಮಾವ ಆಗಲೇ ಬೆರಳುದ್ದದ ಎರಡು ಮೀನು ಹಿಡಿದು ಮೀಸೆ ತಿರುವುತ್ತಿದ್ದ. ನನ್ನ ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಎಸೆದುಕೊಂಡ.

"ಇದು ನಮ್ಮಕ್ಕನ ಕೈ ಅಲ್ಲೇನಲೇ?"

"ಮೀನಿಗೆ ಸ್ವಲ್ಪ ಬಿಡೋ ಮಾವಾ."

ಉಳಿದದ್ದರಲ್ಲಿ ಜೋಳವನ್ನು ನೀರಿಗೆ ಎರಚಿ, ಗೋವಿನಜೋಳದ ಕಾಳೊಂದನ್ನು ಗಾಳಕ್ಕೆ ಚುಚ್ಚಿ ಕೂತೆ. ನೀರಿನ ಮೇಲೆ ಸಾಸಿವೆ, ಕರಿಬೇವು ತೇಲಾಡಿದವು. ಪಕ್ಕದವನು, "ಕೊಬ್ಬರಿ ತುರಿ ಮರತೀರೇನ್ರಿ?" ಎಂದ. ಎರಡು ತಾಸು ಏನೂ ಇಲ್ಲ. ಗೋಡೆಯ ಮೇಲಿನ ಖಾಲಿ ಮೊಳೆ ಕಣ್ಣಿಗೆ ಕಟ್ಟತೊಡಗಿತು. ಅಷ್ಟರಲ್ಲಿ ಬೆಂಡು ಒಮ್ಮೆಲೇ ಮುಳುಗಿತು. ಮೇಲೆ ಬಂದದ್ದು ತೋಳುದ್ದದ ಗೆಂಡೆಮೀನು. ಆ ದಿನ ಅದಕ್ಕಿಂತ ದೊಡ್ಡದು ಯಾರಿಗೂ ಬೀಳಲಿಲ್ಲ.

ತೀರ್ಪುಗಾರರು ಎರೆ ಹೇಗೆ ಮಾಡಿದಿರಿ ಎಂದು ಕೇಳಿದರು. ಆಗ ನಿಜ ಹೇಳಬೇಕಿತ್ತು. ನಾನು ನೋಟ್‌ಬುಕ್ಕು ತೆಗೆದು ಉಷ್ಣತೆ, ಹುದುಗು, ಗಂಟೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಇಬ್ಬರು ಬರೆದುಕೊಂಡರು. ಮಾವ ಹಲ್ಲಿಗೆ ಸಿಕ್ಕಿದ ಸಾಸಿವೆ ತೆಗೆದು, ಬೆರಳ ತುದಿಯಲ್ಲಿ ಹಿಡಿದು ನನ್ನ ಕಡೆ ನೋಡಿದ.

ಮನೆಗೆ ಬಂದು ಪ್ರಶಸ್ತಿಪತ್ರವನ್ನು ಅವ್ವನ ಕೈಗೆ ಕೊಟ್ಟೆ. ಆಕೆಗೆ ಓದಲು ಬರುವುದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು.

"ಏನ್ ಬರದಾರ, ಓದು."

"ಸ್ವಂತ ವಿಧಾನದಿಂದ ಎರೆ ತಯಾರಿಸಿ..." ಎಂದು ಓದಿ ನಿಲ್ಲಿಸಿದೆ. ಅದರ ಮುಂದೆ ನನ್ನ ಹೆಸರಷ್ಟೇ ಇತ್ತು.

ಅವ್ವ ಪತ್ರವನ್ನು ನೋಡಿದಳು, ನನ್ನನ್ನು ನೋಡಿದಳು.

"ಇರ್ಲಿ ಬಿಡಪಾ. ಮೀನಿಗೆ ಗೊತ್ತೈತಿ."