ಸದರಿ ರಾಕ್ಷಸನ ನಿವಾರಣೆಯ ಕುರಿತು

ವಾಚಕ ಮಹಾಶಯರಲ್ಲಿ ಸವಿನಯ ನಿವೇದನೆ ಏನೆಂದರೆ, ನಾನು ಇದುವರೆಗೆ ರಜಾ ಅರ್ಜಿಯ ಹೊರತು ಬೇರೇನನ್ನೂ ಬರೆದವನಲ್ಲ. ಅಕ್ಷರ ಸೊಟ್ಟಗಿದೆ, ಕಾಗುಣಿತವನ್ನು ನಂಬುವಂತಿಲ್ಲ. ನಾನು ಶಾಲಾ ಮಾಸ್ತರನೆಂಬುದನ್ನು ಮರೆತು ಎರಡನ್ನೂ ಕ್ಷಮಿಸಬೇಕು. ಆದರೆ ವಿಷಯದ ಬಗ್ಗೆ ನನಗೆ ಪೂರ್ಣ ಧೈರ್ಯವಿದೆ. ಅದು ನಡೆದದ್ದು ನನ್ನ ಮುಖದ ಮೇಲೆಯೇ!

ನಾನು ಮುಂಬಯಿ ಸರಕಾರದ ಕಾಲದಲ್ಲಿ ತರಬೇತಿ ಹೊಂದಿ, ಈಗ ಮೈಸೂರು ಸರಕಾರದ ಸಂಬಳ ಪಡೆಯುವವನು. ಈ ವರ್ಷ ಕತಗಾಲದಿಂದ ಹೊನ್ನಾವರ ತಾಲೂಕಿನ ಕಡಲ ಬದಿಯ ಶಾಲೆಯೊಂದಕ್ಕೆ ವರ್ಗವಾಗಿ ಬಂದೆ. ಮಕ್ಕಳ ಮನಸ್ಸು ಅರಳಿದರೆ ಮಗ್ಗಿ ತಾನಾಗಿ ಬರುತ್ತದೆಂದು ತರಬೇತಿಯಲ್ಲಿ ಕಲಿತಿದ್ದೆ. ಆದ ಕಾರಣ ಒಂದನೇ ಇಯತ್ತೆಯ ಮಕ್ಕಳ ಸಂತೋಷದ ಸಂಪೂರ್ಣ ಜವಾಬ್ದಾರಿಯನ್ನು ನನ್ನ ಮೇಲೆ ಹೊರಿಸಿಕೊಂಡೆ. ಯಾರೂ ಕೇಳಿರಲಿಲ್ಲ!

ಸದರಿ ಇಯತ್ತೆಯಲ್ಲಿ ಮಂಕಾಳಿ ಎಂಬ ಬಾಲಿಕೆಯ ಹೆಸರಿತ್ತು. ಬಾಲಿಕೆ ಇರಲಿಲ್ಲ. ದಿನವೂ ಹೊಸ್ತಿಲವರೆಗೆ ಬಂದು, ಒಳಗೆ ಇಣುಕಿ, ಅಳುತ್ತ ಮನೆಗೆ ಓಡುತ್ತಿದ್ದಳು. ಒಂದು ಸಂಜೆ ಅವಳ ತಾಯಿ ಸುಬ್ಬಿ ಬಂದಳು.

"ಎಂತ ಮಾಡೂದು ಮಾಸ್ತರ್ರೇ, ಶಾಲೀಲಿ ರಾಕ್ಷಸ ಅದೆ ಅಂತದೆ. ಸೋಮವಾರನೂ ಹಿಂಗೇ ಅತ್ತು ಕೂಗಿದ್ರೆ ಹೆಸ್ರು ತೆಗ್ದುಬಿಡಿ. ಮನೇಲಿ ತಮ್ಮನ್ನ ಆಡಿಸ್ಕಂಡಿರ್ಲಿ."

"ರಾಕ್ಷಸ ನೋಡಲು ಹೇಗಿದ್ದಾನಂತೆ?"

ಸುಬ್ಬಿ ನನ್ನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು. "ಅದ್ನ ನಾ ಹೆಂಗೆ ಹೇಳೂದು!"

ಹೆಣ್ಣುಮಗಳ ಸಂಕೋಚವೆಂದು ಭಾವಿಸಿದೆ.

ಕಾರಣ ನನಗೆ ತಕ್ಷಣ ಹೊಳೆಯಿತು. ಹಿಂದಿನ ವಾರ ಶಾಲೆಯ ಪಕ್ಕದ ಗದ್ದೆಯಲ್ಲಿ ಯಕ್ಷಗಾನವಾಗಿತ್ತು. ರಾಕ್ಷಸ ವೇಷ ಕಂಡು ಮಗು ಬೆದರಿದೆ! ಮಗು ಅದಕ್ಕೂ ಎಷ್ಟೋ ಮೊದಲಿನಿಂದ ಅಳುತ್ತಿತ್ತೆಂಬ ಅಲ್ಪ ಸಂಗತಿಯನ್ನು ನಾನು ಪರಿಗಣಿಸಲಿಲ್ಲ. ಪರಿಹಾರವೂ ಸಿದ್ಧವಾಯಿತು. ಮಗುವಿನ ಎದುರೇ ವೇಷ ಕಟ್ಟಬೇಕು, ಎದುರೇ ಕಳಚಬೇಕು. ಒಳಗಿರುವುದು ಬರೇ ಮನುಷ್ಯನೆಂದು ತಿಳಿದ ಮೇಲೆ ಹೆದರಿಕೆ ಎಲ್ಲಿಯದು?

ನೆರೆಮನೆಯ ಗಣಪು ಯಕ್ಷಗಾನದ ಆಟದಲ್ಲಿ ರಾಕ್ಷಸ ಪಾತ್ರ ಮಾಡುವವನು. ಬಣ್ಣವನ್ನೂ ಕಿರೀಟವನ್ನೂ ಕೊಟ್ಟು ಎಚ್ಚರಿಸಿದ: "ಬಿಳೀ ಚುಕ್ಕಿಗೆ ಅಕ್ಕಿಹಿಟ್ಟು ಜಾಸ್ತಿ, ಸುಣ್ಣ ಕಮ್ಮಿ. ತಿಳೀತ್ರಾ?"

ತಿಳಿಯಿತೆಂದೆ. ಸೋಮವಾರ ತಿರುಗುಮುರುಗಾಗಿ ಕಲಸಿದೆ.

ಸುಬ್ಬಿ ಕಿಟಕಿಯ ಹೊರಗೆ ನಿಂತಳು. ಅವಳ ಸೆರಗಿಗೆ ಮಂಕಾಳಿ ಜೋತುಬಿದ್ದಿದ್ದಳು. ನಾನು ಮುಖಕ್ಕೆ ಕೆಂಪು ಬಳಿದೆ, ಮೀಸೆ ಅದರಡಿ ಮುಳುಗಿತು. ಕಣ್ಣಿನ ಸುತ್ತ ಕಪ್ಪು ತೀಡಿದೆ. ಬಿಳಿಯ ಚುಕ್ಕೆಗಳನ್ನು ಇಡುವ ಕೆಲಸವನ್ನು ಮಕ್ಕಳಿಗೆ ವಹಿಸಿದೆ. ಅಷ್ಟರಲ್ಲಿ ಯಾರೋ ನನ್ನ ಮಗ್ಗುಲಲ್ಲೇ ಹೇಳಿದರು: "ಮೂಗಿನ ಮೇಲೆ ಒಂದು ಕಮ್ಮಿ ಅದೆ."

ಮಂಕಾಳಿ! ತಾನೇ ಬೆರಳದ್ದಿ ಮೂಗಿಗೆ ಒತ್ತಿದಳು. ಸುಣ್ಣ ಕಚ್ಚಿತು. ಕಣ್ಣಲ್ಲಿ ಧಾರಾಕಾರ ನೀರು!

"ಅಯ್ಯೋ, ರಾಕ್ಷಸ ಕೂಗ್ತದೆ!" ಎಂದು ಸದರಿ ಬಾಲಿಕೆ ಲಂಗದ ತುದಿಯಿಂದ ನನ್ನ ಕಣ್ಣೊರೆಸಿ ನಕ್ಕಳು.

ಉತ್ಸಾಹ ಹೆಚ್ಚಿ ಕುಣಿದೆ. ಮಕ್ಕಳು ಚಿಮಣಿಎಣ್ಣೆಯ ಡಬ್ಬಿ ಬಡಿದರು. ಕಿರೀಟ ಮಾಡಿಗೆ ತಗಲಿ ಹಂಚೊಂದು ಕೆಳಗೆ ಬಿತ್ತು. ಮುಖ್ಯ ಮಾಸ್ತರರು ಓಡಿಬಂದು ನನ್ನನ್ನು ನೋಡಿ, ಬಾಗಿಲು ಮುಚ್ಚಿ, ಹೊರಗಿನಿಂದ ಕೇಳಿದರು: "ಒಳಗಿರುವುದು ಯಾರು? ನಮ್ಮ ಸಿಬ್ಬಂದಿಯೋ?"

"ಹೌದು, ಸಹಶಿಕ್ಷಕ!"

"ಹಾಜರಿ ಹಾಕಿದ್ದೀರೋ?"

"ಹಾಕಿದ್ದೇನೆ."

"ಹಾಗಾದರೆ ಮುಂದುವರಿಸಿರಿ."

"ಆತು ಮಾಸ್ತರ್ರೇ, ಹೆಸ್ರು ಇರ್ಲಿ" ಎಂದಳು ಸುಬ್ಬಿ.

ಇಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ಯೋಜನೆಯ ಅಂತಿಮ ಭಾಗ ಬಾಕಿ ಇತ್ತಲ್ಲ! ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದೆ, ಮುಖ ತೊಳೆದೆ, ಮೀಸೆ ಸರಿಪಡಿಸಿದೆ. ಮುಗುಳ್ನಗುತ್ತ ತಿರುಗಿದೆ.

"ಈಗ ಹೇಳು ಮಗಾ, ಇದು ಯಾರು?"

"ಅಬ್ಬೇ! ರಾಕ್ಷಸ ಬಂತು!"

ಕಿರುಚಿದ ಮಂಕಾಳಿ ಮರುಕ್ಷಣ ಹೊರಗೆ ತಾಯಿಯ ಸೊಂಟದ ಮೇಲಿದ್ದಳು. ಸುಬ್ಬಿ ಮೆಲ್ಲಗೆ ಹೇಳಿದಳು: "ಬಣ್ಣದವ್ರು ಒಳ್ಳೆವ್ರಾಗಿದ್ರು."

ಅವರು ಅಂಗಳ ದಾಟಿ ಹೊರಟೇಬಿಟ್ಟರು. ಮಗುವಿನ ವಿದ್ಯೆ ಅಲ್ಲಿಗೆ ಮುಗಿಯುವುದರಲ್ಲಿತ್ತು. ನಾನು ಹಿಂದೆಯೇ ಓಡಿ, ದಾರಿಗಡ್ಡ ಮಂಡಿಯೂರಿ, ಕಿಸೆಯಲ್ಲಿದ್ದ ಸೀಮೆಸುಣ್ಣವನ್ನು ಮಂಕಾಳಿಯ ಕಡೆಗೆ ಚಾಚಿ ಕಣ್ಣು ಮುಚ್ಚಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಗಿನ ತುದಿಗೆ ಏನೋ ತಾಗಿತು.

"ಹಾಂ, ಈಗ ಅಡ್ಡಿಲ್ಲ."

ಅಂದಿನಿಂದ ಪ್ರತಿ ಬೆಳಿಗ್ಗೆ ಮಂಕಾಳಿ ನನ್ನ ಮೂಗಿಗೆ ಚುಕ್ಕೆ ಇಟ್ಟ ಮೇಲೆಯೇ ಪಾಠ ಆರಂಭವಾಗುತ್ತದೆ. ಅವಳು ಮಗ್ಗಿ ಕಲಿಯುತ್ತಿದ್ದಾಳೆ.

ಇಷ್ಟನ್ನೂ ಹೆಂಡತಿಗೆ ಹೇಳಿದಾಗ ಅವಳು ನಗಲಿಲ್ಲ. ನನಗೆ ಸಮಾಧಾನವಾಯಿತು. ಬಳಿಕ ಬಾಯಿ ತೆರೆದಳು:

"ಮದುವೆ ಆದ ಹೊಸತರಲ್ಲಿ ನಂಗೂ ಹಾಂಗೇ ಆಗಿತ್ತು. ಸೀಮೆಸುಣ್ಣದ ಉಪಾಯ ಗೊತ್ತಿತ್ತಿಲ್ಲೆ!"

ಈ ಬರಹದಲ್ಲಿ ಕಂಡುಬರುವ ತಪ್ಪುಗಳನ್ನು ವಾಚಕರೇ ತಿದ್ದಿಕೊಂಡು ಓದಬೇಕಾಗಿ ಪ್ರಾರ್ಥನೆ. ಮುಖದ್ದನ್ನು ಮಂಕಾಳಿ ತಿದ್ದುತ್ತಿದ್ದಾಳೆ.