ಒಂದು ನಕ್ಷತ್ರ ಜಾಸ್ತಿ

ನನ್ನ ಸೋದರಮಾವ ತೆಗೆದ ನಕ್ಷತ್ರಗಳ ಫೋಟೋಗಳಿಗೆ ಒಂದೇ ಒಂದು ಕುಂದಿತ್ತು. ಅವನ್ನು ತೆಗೆದವರು ಸೋದರಮಾವ ಅಲ್ಲ! ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಚೌಕಟ್ಟು ಬೀಟೆಮರದ್ದು, ಗಾಜು ಮಂಗಳೂರಿನದು. ಕೆಳಗಿನ ದೊಡ್ಡ ಸಹಿಯಂತೂ ಖಂಡಿತ ಅವರದೇ.

ಅರುವತ್ತರ ದಶಕದ ಮಾತು. ಮೂಡುಬಿದಿರೆಯ ನಮ್ಮ ಜೈನರ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯುತ್ತಿತ್ತು. ನಮ್ಮದು ಅಳಿಯಕಟ್ಟು, ಮಾವನೇ ಮನೆಯ ಯಜಮಾನ. ಹೊಟ್ಟೆ ತುಂಬಿದ, ಕೆಲಸವಿಲ್ಲದ ಯಜಮಾನ ಮಲಗುವವರೆಗೆ ಏನು ಮಾಡಬೇಕು? ಬೇರೆ ಮನೆಗಳ ಯಜಮಾನರು ಜಪಮಾಲೆ ಹಿಡಿದರು. ನಮ್ಮವರು ಕ್ಯಾಮೆರಾ ಹಿಡಿದರು! ಬೆಳ್ತಂಗಡಿಯಲ್ಲಿ ಯಾರೋ ಬೇಡವೆಂದು ಮಾರಿದ ಹಳೆಯ ಡಬ್ಬಿ ಕ್ಯಾಮೆರಾ. ಅದನ್ನು ಅಂಗಳದ ಒರಳುಕಲ್ಲಿನ ಮೇಲೆ ಅಂಗಾತ ಮಲಗಿಸಿ, ಅಲುಗಾಡದಂತೆ ತೆಂಗಿನ ಸಿಪ್ಪೆ ಆನಿಸಿ, ಮನೆಯ ದೀಪಗಳನ್ನೆಲ್ಲ ಆರಿಸಲು ಆಜ್ಞೆ ಮಾಡಿ, ಗಟ್ಟಿಯಾಗಿ ಹದಿನೈದರವರೆಗೆ ಎಣಿಸುತ್ತಿದ್ದರು. ನಡುವೆ ಯಾರಾದರೂ ಕೆಮ್ಮಿದರೆ ಮುಗಿಯಿತು! ಕೆಮ್ಮಿಗೂ ನಕ್ಷತ್ರಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗಿತ್ತು? ಕತ್ತಲಲ್ಲಿ ಎಡವಿ ದೊಡ್ಡಮ್ಮನ ಕಾಲು ಎರಡು ಸಲ ಉಳುಕಿತು. ವಿಜ್ಞಾನಕ್ಕಾಗಿ ಅಷ್ಟು ಸಹಿಸಬೇಕು ಎಂದರು ಮಾವ, ತಮ್ಮ ಕಾಲನ್ನು ಆರಾಮವಾಗಿ ಚಾಚಿಕೊಂಡು.

ಫಿಲ್ಮ್ ತೊಳೆಯಲು ಬಸ್ಸಿನಲ್ಲಿ ಬಂಟ್ವಾಳದ ಸ್ಟುಡಿಯೋಗೆ ಹೋಗುತ್ತಿತ್ತು. ಬಂದ ಪಟಗಳೋ, ಆಹಾ! ಒಂದೊಂದು ನಕ್ಷತ್ರವೂ ದುಂಡಗೆ, ಬೆಳ್ಳಗೆ. ಮನೆಗೆ ಬಂದವರಿಗೆ ಅವನ್ನು ನೋಡದೆ ಕಾಫಿ ಸಿಗುತ್ತಿರಲಿಲ್ಲ. ಇದು ಯಾವುದು ಎಂದು ಯಾರಾದರೂ ಕೇಳಿದರೆ, ತಮ್ಮ ಒಕ್ಕಲಿನವನ ಹೆಸರು ಹೇಳುವ ಹಾಗೆ "ಮಹಾವ್ಯಾಧ" ಎನ್ನುತ್ತಿದ್ದರು.

ನಾನು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪಟವನ್ನು ನಮ್ಮ ಶಾಲೆಯ ಗೋಡೆಯಲ್ಲಿ ತೂಗುಹಾಕಬೇಕೆಂದು ಮಾವನಿಗೆ ಒಂದೇ ಹಟ. ದಿನಕ್ಕೆರಡು ಸಲ ಕೇಳಿ ಕೇಳಿ ನನ್ನ ತಲೆ ತಿಂದರು. ಹೆಡ್‌ಮಾಸ್ತರರು ಬುದ್ಧಿವಂತರು. ಪರೀಕ್ಷಿಸಿ ಒಂದು ವರದಿ ಬರೆದುಕೊಡಿ, ಆಮೇಲೆ ನೋಡುವ ಎಂದು ನನ್ನ ತಲೆಗೇ ಕಟ್ಟಿದರು. ಸರಿ, ಮಹಾವ್ಯಾಧನ ಎರಡು ವರ್ಷಗಳ ಎರಡು ಪಟಗಳನ್ನು ಎದುರಿಗಿಟ್ಟುಕೊಂಡು ಎಣಿಸಿದೆ. ಎರಡನೆಯದರಲ್ಲಿ ಆ ಬೇಟೆಗಾರನ ನಡುಪಟ್ಟಿಯ ಮೂರು ನಕ್ಷತ್ರಗಳ ಎಡಕ್ಕೆ ಒಂದು ನಕ್ಷತ್ರ ಜಾಸ್ತಿ ಇತ್ತು. ಆಕಾಶದಲ್ಲಿ ಅಂಥದ್ದಿಲ್ಲ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನವೇ ಬಂಟ್ವಾಳದ ಬಸ್ಸು ಹತ್ತಿದೆ.

ಸ್ಟುಡಿಯೋದವನು ಮದುಮಗಳ ಮುಖದ ಕಲೆಗಳನ್ನು ಮಾಯ ಮಾಡುವುದರಲ್ಲಿ ಹೆಸರಾದವನು. ಏನೂ ಮುಚ್ಚಿಡದೆ ಹೇಳಿದ.

"ಮೊದಲ ಸಲ ಫಿಲ್ಮಿನ ತುಂಬ ಧೂಳು ಅಂತ ಎಲ್ಲ ಚುಕ್ಕಿ ತೆಗೆದೆ ಮಾಸ್ಟ್ರೇ. ನಿಮ್ಮ ಮಾವ ಧನಿಗಳು ಬೈದ್ರು. ಧೂಳು ಯಾವುದು, ನಕ್ಷತ್ರ ಯಾವುದು, ನನಗೆ ಹೇಗೆ ಗೊತ್ತಾಗ್ಬೇಕು? ಆಮೇಲಿಂದ ಎಲ್ಲ ತೆಗೆದು, ದೊಡ್ಡದನ್ನು ಮಾತ್ರ ಇದ್ದ ಜಾಗದಲ್ಲೇ ಬಿಳಿ ಬಣ್ಣದಲ್ಲಿ ಚಂದ ಮಾಡಿ ಇಡ್ತೇನೆ."

ಆ ಜಾಸ್ತಿಯದ್ದು? ಬ್ರಶ್ಶಿನಿಂದ ಬಿದ್ದದ್ದಂತೆ. ಒಂದು ತೊಟ್ಟು. ಚಂದ ಕಂಡಿತೆಂದು ಒರೆಸದೆ ಬಿಟ್ಟನಂತೆ!

ನನ್ನ ವರದಿ ಬಸ್ಸಿನಲ್ಲೇ ತಯಾರಾಯಿತು. ಅದನ್ನು ಮಾವನಿಗೇ ಮೊದಲು ಓದಿ ಹೇಳಿ, ಆ ಮುಖ ಹೇಗಾಗುತ್ತದೆಂದು ನೋಡುವ ಆಸೆಯಿಂದ ಮನೆಗೆ ಬಂದೆ. ಊಟ ಮುಗಿಸಿ ಮಾವ ಅಂಗಳದಲ್ಲಿದ್ದರು. ಪಟವನ್ನು ಅವರ ಮುಂದೆ ಹಿಡಿದು, ಜಾಸ್ತಿಯಿದ್ದ ನಕ್ಷತ್ರದ ಮೇಲೆ ಬೆರಳಿಟ್ಟು, ಇದೇನು ಮಾವ ಎಂದೆ.

"ನಿನಗೂ ಕಂಡಿತಾ?" ಎಂದು ಮಾವ ನನ್ನ ಕೈ ಹಿಡಿದುಕೊಂಡರು. "ನಾನು ಯಾರಿಗೂ ಹೇಳ್ಲಿಲ್ಲ. ಹಿಂದಿನ ವರ್ಷದ್ದರಲ್ಲಿ ಇದು ಇಲ್ಲ. ನಿನ್ನ ಅಮ್ಮ ಹೋದ ಮೇಲೆ ತೆಗೆದದ್ದರಲ್ಲಿ ಉಂಟು."

ಅಮ್ಮ, ಅಂದರೆ ಅವರ ತಂಗಿ, ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದಳು.

"ಸತ್ತವರು ನಕ್ಷತ್ರ ಆಗ್ತಾರೆ ಅಂತ ನಾನು ಹೇಳುವುದಿಲ್ಲ ಮಾರಾಯ. ಅಷ್ಟು ಮಂಡೆ ಹಾಳಾಗ್ಲಿಲ್ಲ. ಆದ್ರೆ ಹೊಸತನ್ನು ಕಂಡವನು ಅದಕ್ಕೆ ಹೆಸರು ಇಡಬಹುದಲ್ಲ?"

ಪಟವನ್ನು ತಿರುಗಿಸಿದರು. ಹಿಂದೆ ಪೆನ್ಸಿಲಿನಲ್ಲಿ ಅಮ್ಮನ ಹೆಸರಿತ್ತು. ಶಾಲೆಯಲ್ಲಿ ತೂಗುಹಾಕುವಾಗ ತಮ್ಮ ಸಹಿ ಬೇಕಾದರೆ ಅಳಿಸು, ಈ ಹೆಸರು ಮಾತ್ರ ಬರೆಸು ಎಂದರು. ಮಕ್ಕಳು ದಿನಾ ಓದುತ್ತಾರಲ್ಲ ಎಂದರು.

ವರದಿ ನನ್ನ ಜೇಬಿನಲ್ಲಿತ್ತು. ಅಂಥದ್ದೊಂದನ್ನು ಅಷ್ಟು ಖುಷಿಯಿಂದ ಬರೆದ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

"ಬರಿ ಕಣ್ಣಿಗೆ ಸಿಕ್ಕುವುದಿಲ್ಲ," ಎಂದರು ಮಾವ, ಆಕಾಶಕ್ಕೆ ಮುಖವೆತ್ತಿ. "ಡಿಸೆಂಬರಿನಿಂದ ಹುಡುಕ್ತಾ ಇದ್ದೇನೆ. ನಿನ್ನದು ಸಣ್ಣ ಪ್ರಾಯದ ಕಣ್ಣು, ನೀನೊಮ್ಮೆ ನೋಡು."

ನೋಡಿದೆ. ಫೆಬ್ರವರಿಯ ಆಕಾಶ ತೊಳೆದಿಟ್ಟಂತಿತ್ತು. ಎಲ್ಲಿಯೂ ಒಂದು ಚೂರು ಮೋಡವಿರಲಿಲ್ಲ.

"ತೆಳ್ಳಗೆ ಮೋಡ ಉಂಟು ಮಾವ," ಎಂದೆ. "ನಾಳೆ ಪುನಃ ನೋಡುವ."